ಮೊದಲು ಹಾಲ್ ಕಟ್ಟಿದ ಊರು: ಗ್ಲೆನ್‌ಕೊಲಂಬ್‌ಕಿಲ್ ಬಗ್ಗೆ ಒಂದಿಷ್ಟು ಮಾತು

ಐರ್ಲೆಂಡಿನಲ್ಲಿರೋ ನಮ್ಮ ಕನ್ನಡಿಗರ ಕೂಟದಲ್ಲಿ ಇಲ್ಲಿನ ಹಳ್ಳಿಗಳ ಬಗ್ಗೆ ಮಾತಾಡಿ ಅಂತ ಕೇಳಿದಾಗ ಹತ್ತಾರು ಊರಿನ ಹೆಸರು ಹೇಳಿ ಮುಗಿಸೋದಕ್ಕಿಂತ ಒಂದೇ ಊರು ಹಿಡ್ಕೊಂಡು ಕೂತ್ಕೊಳ್ಳೋಣ ಅನ್ನಿಸ್ತು. ಊರಿನ ಹೆಸರು ಗ್ಲೆನ್‌ಕೊಲಂಬ್‌ಕಿಲ್. ಡೊನೆಗಾಲ್ ಕೌಂಟಿಯ ನೈಋತ್ಯ ಮೂಲೆ, ಅದರಾಚೆ ಅಟ್ಲಾಂಟಿಕ್ ಸಮುದ್ರ ಬಿಟ್ಟರೆ ಏನೂ ಇಲ್ಲ. ಡಬ್ಲಿನ್‌ನಿಂದ ಕಾರಲ್ಲಿ ಹೊರಟ್ರೆ ನಾಲ್ಕು ಗಂಟೆ ಮೇಲೇ ಬೇಕು. ಡೊನೆಗಾಲ್ ಟೌನ್ ದಾಟಿ, ಮೀನುಗಾರಿಕೆ ಬಂದರು ಕಿಲ್ಲಿಬೆಗ್ಸ್ ದಾಟಿ, ಕಿಲ್‌ಕಾರ್, ಕ್ಯಾರಿಕ್ ದಾಟಿ, ಆಮೇಲೆ ಮರವೇ ಇಲ್ಲದ ಕಂದು ಬಣ್ಣದ ಬಾಗ್, ಅಂದ್ರೆ ಜೌಗು ನೆಲದ ಮೇಲೆ ರಸ್ತೆ ಹತ್ತಿ ಇಳಿದ್ರೆ ಕೆಳಗೆ ಕಣಿವೆ, ಚೆಲ್ಲಾಪಿಲ್ಲಿಯಾಗಿ ಬಿಳಿ ಮನೆಗಳು, ತುದೀಲಿ ಸಮುದ್ರ. ರೈಲು ಇಲ್ಲ. ಕಿಲ್ಲಿಬೆಗ್ಸ್ ತನಕ ಒಂದು ಸಣ್ಣ ರೈಲು ಓಡ್ತಿತ್ತು, ಡೊನೆಗಾಲ್ ರೈಲ್ವೆಯನ್ನ 1959ರ ಕೊನೇಲಿ ಮುಚ್ಚಿಬಿಟ್ರು, ಈಗ ಇಡೀ ಕೌಂಟಿಗೇ ರೈಲಿಲ್ಲ.

ಇಂಥ ಮೂಲೇಲಿರೋ ಊರು 1950ರ ಹೊತ್ತಿಗೆ ಖಾಲಿ ಆಗಿ ಹೋಗ್ಬೇಕಿತ್ತು. ಆಗ್ಲಿಲ್ಲ. ಯಾಕೆ ಆಗ್ಲಿಲ್ಲ ಅನ್ನೋದೇ ಇವತ್ತಿನ ನನ್ನ ಮಾತು. ಅದನ್ನ ಹೇಳೋಕೆ ಸ್ವಲ್ಪ ಹಿಂದಕ್ಕೆ, ನಿಜ ಹೇಳ್ಬೇಕಂದ್ರೆ ತುಂಬಾನೇ ಹಿಂದಕ್ಕೆ ಹೋಗ್ಬೇಕು.

ಈ ಕಣಿವೆಯಲ್ಲಿ ಐದು ಸಾವಿರ ವರ್ಷದ ಹಿಂದೇನೇ ಜನ ದನ ಸಾಕ್ಕೊಂಡು, ಬೆಳೆ ಬೆಳ್ಕೊಂಡು ಇದ್ರು. ಮಾಲಿನ್ ಮೋರ್ ಅನ್ನೋ ಕಡೆ ಕ್ಲಾಹನ್‌ಮೋರ್ ಅಂತ ದೊಡ್ಡ ಕಲ್ಲಿನ ಸಮಾಧಿ ಇದೆ, ಮುಂದೆ ಅಂಗಳ ಥರ ಜಾಗ ಬಿಟ್ಟು ಸುತ್ತ ಕಲ್ಲು ನಿಲ್ಸಿರೋದು. ಅಲ್ಲೇ ಹತ್ತಿರ ಒಂದೇ ಸಾಲಲ್ಲಿ ಇನ್ನೂ ಆರು ಸಮಾಧಿಗಳು. ಟಿಕೆಟ್ ಇಲ್ಲ, ಗೇಟ್ ಇಲ್ಲ, ಕುರಿಗಳು ಮಧ್ಯದಲ್ಲೇ ಮೇಯ್ತಿರ್ತವೆ.

ಆಮೇಲೆ ಬರೋದು ಸಂತ ಕೊಲಂಬ, ಐರಿಶ್‌ನಲ್ಲಿ ಕೊಲಮ್ ಕಿಲ್ಲೆ. ಊರಿಗೆ ಹೆಸರು ಬಂದಿದ್ದೇ ಅವರಿಂದ. 521ರಲ್ಲಿ ಡೊನೆಗಾಲ್‌ನ ಗಾರ್ಟನ್‌ನಲ್ಲಿ ಹುಟ್ಟಿದವರು, 563ರಲ್ಲಿ ಸ್ಕಾಟ್ಲೆಂಡಿನ ಅಯೋನಾ ದ್ವೀಪಕ್ಕೆ ಹೋಗಿ ಮಠ ಕಟ್ಟಿದವರು, 597ರಲ್ಲಿ ಅಲ್ಲೇ ತೀರ್ಕೊಂಡ್ರು. ಊರಲ್ಲಿ ಹೇಳೋ ಕಥೆ ಹೀಗಿದೆ: ಸಂತ ಪ್ಯಾಟ್ರಿಕ್ ಬೆಟ್ಟದ ಮೇಲಿಂದ ಓಡಿಸಿದ ದೆವ್ವಗಳು ತಪ್ಪಿಸ್ಕೊಂಡು ಬಂದು ಈ ಕಣಿವೆ ಸೇರ್ಕೊಂಡ್ವು, ಯಾರೂ ಒಳಗೆ ಬರಬಾರ್ದು ಅಂತ ಸುತ್ತ ಮಂಜು ಕವಿಸಿದ್ವು, ಕೊಲಂಬ ಬಂದು ಅವನ್ನೆಲ್ಲ ಸಮುದ್ರಕ್ಕೆ ಅಟ್ಟಿದ್ರು. ಅಲ್ಲಿ ಒಂದು ದಿನ ಇದ್ದವರಿಗೂ ಈ ಮಂಜಿನ ಕಥೆ ಅರ್ಥ ಆಗುತ್ತೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ಎದುರಿಗಿನ ಗುಡ್ಡಾನೇ ಇರಲ್ಲ, ಹತ್ತು ಗಂಟೆಗೆ ನೋಡಿದ್ರೆ ಇರುತ್ತೆ.

ಕಥೆ ಹಾಗಿರಲಿ, ನನಗೆ ಮುಖ್ಯ ಅನ್ಸೋದು ಆ ಸಂತನ ಹೆಸರಲ್ಲಿ ನಡೆಯೋ ಟುರಸ್. ಪ್ರತಿ ವರ್ಷ ಜೂನ್ 9, ಸಂತನ ಹಬ್ಬದ ದಿನ, ಊರವರು ಕಣಿವೆಯ ಸುತ್ತ ಒಂದು ಸುತ್ತು ನಡೀತಾರೆ. ಐದು ಕಿಲೋಮೀಟರ್ ಹತ್ತಿರ ಆಗುತ್ತೆ, ದಾರೀಲಿ 15 ನಿಲ್ದಾಣ. ಒಂದೊಂದು ನಿಲ್ದಾಣದಲ್ಲೂ ಒಂದು ಕಲ್ಲು, ಇಲ್ಲ ಕಲ್ಲಿನ ರಾಶಿ. ಕೆಲವು ಕಲ್ಲಿನ ಮೇಲೆ ಶಿಲುಬೆ, ಚೌಕಚೌಕದ ವಿನ್ಯಾಸ ಕೆತ್ತಿದ್ದಾರೆ, ಸಾವಿರ ವರ್ಷಕ್ಕೂ ಹಳೇದು. ಸಂಪ್ರದಾಯ ಏನಂದ್ರೆ ಬರಿಗಾಲಲ್ಲಿ ನಡೀಬೇಕು, ರಾತ್ರೀನೇ ಹೊರಟು ಸೂರ್ಯ ಹುಟ್ಟೋದ್ರೊಳಗೆ ಮುಗಿಸ್ಬೇಕು. ನಾವು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕೋ ಹಾಗೇನೇ ಬಲಕ್ಕೆ, ಸೂರ್ಯ ಹೋಗೋ ದಿಕ್ಕಿಗೇ ಸುತ್ತು ಬರ್ತಾರೆ, ಸುತ್ತಿಗಿಷ್ಟು ಅಂತ ಪ್ರಾರ್ಥನೆ. ಒಂದು ಕಲ್ಲಲ್ಲಿ ತೂತು ಇದೆ, ಪಾಪ ಕಳ್ಕೊಂಡು ಶುದ್ಧವಾಗಿರೋರು ಅದರೊಳಗಿಂದ ನೋಡಿದ್ರೆ ಸ್ವರ್ಗ ಕಾಣುತ್ತೆ ಅಂತ ನಂಬಿಕೆ. ಇನ್ನೊಂದು ಕಡೆ ಗುಡ್ಡದ ಮೇಲೆ ಸಂತನ ಬಾವಿ, ಬಾವಿ ಅಂದ್ರೆ ನೆಲಮಟ್ಟದ ಒಂದು ಚಿಕ್ಕ ಒರತೆ. ಹತ್ತೋವಾಗ ಪ್ರತಿಯೊಬ್ಬರೂ ಮೂರು ಕಲ್ಲು ತಗೊಂಡು ಹೋಗಿ ಅಲ್ಲಿ ಹಾಕ್ಬೇಕು. ಹೀಗೇ ತಲೆಮಾರಿಂದ ತಲೆಮಾರು ಹಾಕಿ ಹಾಕಿ ಬಾವಿ ಸುತ್ತ ಒಂದು ದೊಡ್ಡ ಕಲ್ಲುಗುಡ್ಡೆಯೇ ಎದ್ದಿದೆ. ಎಲ್ಲ ಮೂರ್ಮೂರೇ ಕಲ್ಲು. ದಯವಿಟ್ಟು ಇದನ್ನ ನೆನಪಲ್ಲಿಟ್ಕೊಳ್ಳಿ, ಒಂದು ಸಣ್ಣ ಕೆಲಸವನ್ನ ಎಲ್ಲರೂ ಸೇರಿ ತಪ್ಪದೆ ಮಾಡೋ ಅಭ್ಯಾಸ ಈ ಊರಿಗೆ ಹೊಸದಲ್ಲ, ಪಾದ್ರಿ ಬಂದು ಕಲಿಸಿದ್ದೂ ಅಲ್ಲ.

ಪಾದ್ರಿ ವಿಷಯಕ್ಕೆ ಬರ್ತೀನಿ, ಅದಕ್ಕಿಂತ ಮುಂಚೆ ಊರು ಯಾಕೆ ಖಾಲಿ ಆಗ್ತಿತ್ತು ಅಂತ ಹೇಳ್ಬೇಕು.

ಜಮೀನು ಊರವರದಾಗಿರಲಿಲ್ಲ. ದೊಡ್ಡ ಎಸ್ಟೇಟ್, ದೊಡ್ಡ ಜಮೀನ್ದಾರರು, ಇವರು ಗೇಣಿದಾರರು. ಚೂರುಚೂರು ತುಂಡು ಭೂಮಿ, ಅದೂ ಕಲ್ಲು, ಬಾಗ್, ಉಪ್ಪುಗಾಳಿ. ಆಲೂಗಡ್ಡೆ ಬಿಟ್ರೆ ಹೊಟ್ಟೆ ತುಂಬ್ಸೋದು ಬೇರೆ ಏನೂ ಬರ್ತಿರಲಿಲ್ಲ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು, ಆಮೇಲಿಂದು ನಿಮಗೆಲ್ಲ ಗೊತ್ತಿರೋ ಮಹಾ ಕ್ಷಾಮ. ದೇಶದ ಲೆಕ್ಕ ಹೇಳ್ತೀನಿ: 1841ರಲ್ಲಿ ಇಡೀ ದ್ವೀಪದ ಜನಸಂಖ್ಯೆ ಸುಮಾರು 82 ಲಕ್ಷ, 1851ಕ್ಕೆ ಸುಮಾರು 65 ಲಕ್ಷ. ಸುಮಾರು 10 ಲಕ್ಷ ಜನ ಹಸಿವಿಗೆ, ಜ್ವರಕ್ಕೆ ಸತ್ರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದ್ರು. ಕ್ಷಾಮ ಮುಗಿದ ಮೇಲೂ ಹಡಗು ಹತ್ತೋದು ನಿಲ್ಲಲೇ ಇಲ್ಲ ನೋಡಿ, ಅದೇ ಈ ದೇಶದ ದೊಡ್ಡ ದುಃಖ. ಸ್ವಾತಂತ್ರ್ಯ ಬಂದು ನಲವತ್ತು ವರ್ಷ ಆದ್ಮೇಲೆ, 1961ರಲ್ಲಿ ರಿಪಬ್ಲಿಕ್‌ನ, ಅಂದ್ರೆ ಉತ್ತರ ಐರ್ಲೆಂಡ್ ಬಿಟ್ಟು ಉಳಿದ ಭಾಗದ, ಜನಸಂಖ್ಯೆ ಬರೀ 28 ಲಕ್ಷ ಚಿಲ್ಲರೆ. ಅದಕ್ಕಿಂತ ಕೆಳಗೆ ಯಾವತ್ತೂ ಇಳಿದಿಲ್ಲ. 1950ರ ದಶಕ ಒಂದರಲ್ಲೇ ಸುಮಾರು 4 ಲಕ್ಷ ಜನ ದೇಶ ಬಿಟ್ರು.

ಡೊನೆಗಾಲ್‌ನಲ್ಲಿ ಊರು ಬಿಡೋಕೆ ಒಂದು ಕ್ರಮವೇ ಇತ್ತು. ಹತ್ತು ಹನ್ನೆರಡು ವರ್ಷದ ಮಕ್ಕಳನ್ನ ಲೆಟರ್‌ಕೆನ್ನಿ, ಸ್ಟ್ರಬೇನ್ ಊರಿನ ಹೈರಿಂಗ್ ಫೇರ್‌ಗೆ ಕರ್ಕೊಂಡು ಹೋಗಿ ನಿಲ್ಲಿಸ್ತಿದ್ರು. ಅದು ಕೂಲಿಯಾಳುಗಳ ಸಂತೆ. ಪೂರ್ವದ ಕಡೆಯ ಒಳ್ಳೆ ಜಮೀನಿನ ರೈತರು ಬಂದು, ಹುಡುಗನ ಕೈ ನೋಡಿ, ಆರು ತಿಂಗಳಿಗೆ ಇಷ್ಟು ಅಂತ ಮಾತಾಡಿ ಕರ್ಕೊಂಡು ಹೋಗ್ತಿದ್ರು. ಆ ಮಕ್ಕಳಿಗೆ ಐರಿಶ್ ಬಿಟ್ಟು ಬೇರೆ ಭಾಷೆ ಬರ್ತಿರಲಿಲ್ಲ, ಯಜಮಾನನಿಗೆ ಇಂಗ್ಲಿಷ್ ಬಿಟ್ಟು ಬೇರೆ ಬರ್ತಿರಲಿಲ್ಲ. ಸ್ವಲ್ಪ ದೊಡ್ಡೋರಾದ್ಮೇಲೆ ಸ್ಕಾಟ್ಲೆಂಡ್‌ಗೆ ಆಲೂಗಡ್ಡೆ ಕೀಳೋಕೆ, ಹೆಣ್ಣುಮಕ್ಕಳು ಅಲ್ಲೇ ಬಂದರುಗಳಲ್ಲಿ ಮೀನು ಹೆಚ್ಚೋಕೆ. ಚಳಿಗಾಲಕ್ಕೆ ಊರಿಗೆ ವಾಪಸ್. ಹೀಗೆ ಹೋಗಿ ಬರ್ತಾ ಬರ್ತಾ ಒಂದು ವರ್ಷ ವಾಪಸ್ ಬರೋದೇ ಇಲ್ಲ, ಅಲ್ಲಿಗೆ ಒಂದು ಮನೆ ಮುಗೀತು. ಗ್ಲೆನ್‌ಕೊಲಂಬ್‌ಕಿಲ್‌ನ ಉತ್ತರಕ್ಕೆ ಪೋರ್ಟ್ ಅನ್ನೋ ಸಣ್ಣ ಕೊಲ್ಲಿ ಇದೆ. ಅಲ್ಲೂ ಒಂದು ಊರಿತ್ತು. ಈಗ ಚಾವಣಿ ಬಿದ್ದ ಕಲ್ಲುಗೋಡೆಗಳು ನಿಂತಿವೆ ಅಷ್ಟೇ. ಗ್ಲೆನ್‌ಕೊಲಂಬ್‌ಕಿಲ್ ಏನಾಗ್ಬಹುದಿತ್ತು ಅಂತ ನೋಡೋಕೆ ದೂರ ಹೋಗಬೇಕಿಲ್ಲ.

1951ರಲ್ಲಿ ಊರಿಗೆ ಒಬ್ಬ ಹೊಸ ಪಾದ್ರಿ ಬಂದ್ರು, ಫಾದರ್ ಜೇಮ್ಸ್ ಮಕ್‌ಡಯರ್. 1910ರಲ್ಲಿ ಹುಟ್ಟಿದವರು, ಅದೇ ಕೌಂಟಿಯ ಗ್ಲೆಂಟೀಸ್ ಕಡೆಯವರು, ರೈತರ ಮನೆ ಮಗ. ಯುದ್ಧದ ಕಾಲದಲ್ಲಿ ಲಂಡನ್‌ನಲ್ಲಿ ಕೆಲಸ ಮಾಡಿದ್ರು, ಆಮೇಲೆ ಟೋರಿ ದ್ವೀಪದಲ್ಲಿ. ಲಂಡನ್‌ನಲ್ಲಿ ಕಟ್ಟಡ ಕೆಲಸ ಮಾಡ್ಕೊಂಡು ಒಂಟಿ ರೂಮಲ್ಲಿ ಬದುಕೋ ಐರಿಶ್ ಹುಡುಗರನ್ನ ಹತ್ತಿರದಿಂದ ನೋಡಿದ್ದವರು, ಅಂದ್ರೆ ವಲಸೆಯ ಆ ತುದಿಯೂ ಗೊತ್ತಿತ್ತು, ಈ ತುದಿಯೂ ಗೊತ್ತಿತ್ತು. ಊರಿಗೆ ಬಂದು ನೋಡಿದ್ರೆ ಐದು ಕೊರತೆ ಕಣ್ಣಿಗೆ ಬಿತ್ತು: ಕರೆಂಟಿಲ್ಲ, ನಲ್ಲಿ ನೀರಿಲ್ಲ, ಡಾಂಬರು ರಸ್ತೆ ಇಲ್ಲ, ಆಸ್ಪತ್ರೆ ಇಲ್ಲ, ಒಂದೇ ಒಂದು ಕಾರ್ಖಾನೆ ಇಲ್ಲ. ಚರ್ಚಲ್ಲಿ ಮದುವೆಗಳೇ ಕಮ್ಮಿ, ಯಾಕಂದ್ರೆ ಮದುವೆ ವಯಸ್ಸಿನೋರು ಊರಲ್ಲೇ ಇಲ್ಲ.

ಈಗ ನೀವೇ ಯೋಚ್ನೆ ಮಾಡಿ, ನಿಮ್ಮ ಕೈಗೆ ಇಂಥ ಊರು ಕೊಟ್ರೆ ಮೊದಲು ಏನ್ ಮಾಡ್ತೀರಿ? ನಾನಾಗಿದ್ರೆ ರಸ್ತೆ ಅಂತಿದ್ದೆ, ಇಲ್ಲ ಫ್ಯಾಕ್ಟರಿ ಅಂತಿದ್ದೆ. ಮಕ್‌ಡಯರ್ ಮೊದಲು ಮಾಡಿದ್ದು ಹಾಲ್. ಸಮುದಾಯ ಭವನ ಅಂತೀವಲ್ಲ, ಅದು. ಬಂದ ಒಂದೆರಡು ವರ್ಷದಲ್ಲೇ ಊರವರನ್ನ ಸೇರಿಸಿ, ಕೂಲಿ ಇಲ್ಲದೆ, ಎಲ್ಲರೂ ಕೈ ಹಾಕಿ ಒಂದು ಹಾಲ್ ಎಬ್ಬಿಸಿದ್ರು. ಹುಲ್ಲು ಕೊಯ್ಯೋಕೆ, ಬಾಗ್‌ನಲ್ಲಿ ಟರ್ಫ್, ಅಂದ್ರೆ ಒಲೆಗೆ ಉರಿಸೋ ಮಣ್ಣು, ಕಡಿಯೋಕೆ ಅಕ್ಕಪಕ್ಕದ ಮನೆಯವರು ಒಬ್ಬರಿಗೊಬ್ಬರು ಮುಯ್ಯಾಳು ಹೋಗೋದು ಅಲ್ಲಿ ಮೊದಲಿಂದ್ಲೂ ಇತ್ತು, ಅದನ್ನೇ ಕಟ್ಟಡಕ್ಕೆ ತಿರುಗಿಸಿದ್ರು ಅಷ್ಟೇ. ಆ ಹಾಲ್‌ನಲ್ಲಿ ಏನು ನಡೀತಿತ್ತು? ಡ್ಯಾನ್ಸು, ನಾಟಕ, ಇಸ್ಪೀಟು, ಮೀಟಿಂಗು. ಇದೇನು ಅಭಿವೃದ್ಧಿ ಅಂತ ಕೆಲವರಿಗೆ ಅನ್ನಿಸ್ಬಹುದು. ಆದ್ರೆ ಇಪ್ಪತ್ತು ವರ್ಷದ ಹುಡುಗ ಒಬ್ಬ ಊರು ಬಿಡೋದು ಬರೀ ದುಡ್ಡಿಗೆ ಅಲ್ಲ, ಸಂಜೆ ಆದ್ರೆ ಮಾತಾಡೋಕೆ ಯಾರೂ ಇಲ್ಲ ಅಂತಲೂ ಬಿಡ್ತಾನೆ. ಇದು ಅವರಿಗೆ ಗೊತ್ತಿತ್ತು. ಇನ್ನೂ ಒಂದಿದೆ. ನಾವೇ ಕಟ್ಟಿದ್ದು ಕಣ್ಣೆದುರು ನಿಂತಿರೋವಾಗ, ಮುಂದಿನದನ್ನೂ ಕಟ್ಬಹುದು ಅನ್ನೋ ಧೈರ್ಯ ಬರುತ್ತೆ. ಮುಂದೆ ಆಗಿದ್ದೂ ಅದೇ. ಕರೆಂಟಿಗೆ ಅರ್ಜಿ ಹಾಕೋಕೆ, ನೀರಿನ ಪೈಪ್ ಎಳೆಯೋಕೆ, ರಸ್ತೆಗೆ ಅಧಿಕಾರಿಗಳ ಬೆನ್ನು ಹತ್ತೋಕೆ ಜನ ಕೂತು ಮಾತಾಡಿದ್ದು ಅದೇ ಹಾಲ್‌ನಲ್ಲಿ. ಇದು ನನ್ನ ಅಭಿಪ್ರಾಯ, ಒಪ್ಪದೇ ಇರೋರು ಇದ್ದಾರೆ, ಆದ್ರೂ ನಾನು ಗಟ್ಟಿಯಾಗಿ ಹೇಳ್ತೀನಿ: ಆ ಊರನ್ನ ಉಳಿಸಿದ ಮೊದಲ ಕೆಲಸ ಹಾಲ್.

ಆಮೇಲೆ ಸಹಕಾರ ಸಂಘ. ಡೊನೆಗಾಲ್‌ಗೆ ಸಹಕಾರ ಹೊಸದೇನಲ್ಲ. 1906ರಲ್ಲೇ ಡಂಗ್ಲೋ ಕಡೆ ಪ್ಯಾಡಿ ಗ್ಯಾಲಗರ್ ಅನ್ನೋ ಬಡ ರೈತ, ಅವರೂ ಚಿಕ್ಕಂದಿನಲ್ಲಿ ಹೈರಿಂಗ್ ಫೇರ್‌ನಲ್ಲಿ ನಿಂತವರೇ, ಅಕ್ಕಪಕ್ಕದವರನ್ನ ಸೇರಿಸಿ ಟೆಂಪಲ್‌ಕ್ರೋನ್ ಸಹಕಾರ ಸಂಘ ಶುರು ಮಾಡಿದ್ರು. ಊರಿನ ಸಾಲದ ವ್ಯಾಪಾರಿಗಳು ಗೊಬ್ಬರಕ್ಕೆ ದುಬಾರಿ ರೇಟ್ ಹಾಕ್ತಾರೆ, ಎಲ್ಲರೂ ಸೇರಿ ಒಟ್ಟಿಗೆ ತರ್ಸಿದ್ರೆ ಅಗ್ಗ, ಲೆಕ್ಕ ಅಷ್ಟೇ. ಆ ಸಂಘದ ಅಂಗಡಿ ಇವತ್ತಿಗೂ ನಡೀತಿದೆ, ಕೋಪ್ ಅಂತಾರೆ. ಮಕ್‌ಡಯರ್ ಕಣ್ಣೆದುರಿಗೆ ಈ ಮಾದರಿ ಇತ್ತು.

1960ರ ದಶಕದ ಶುರುವಿನಲ್ಲಿ ಸರ್ಕಾರಿ ಸಕ್ಕರೆ ಕಂಪನಿ ಜೊತೆ ಸೇರಿ ತರಕಾರಿ ಬೆಳೆಯೋದು, ಅದನ್ನ ಅಲ್ಲೇ ಸಂಸ್ಕರಿಸಿ ಕಳ್ಸೋದು ಅಂತ ಯೋಜನೆ ಹಾಕಿದ್ರು. ಕುರಿ ಮೇಯ್ಸೋ ರೈತರು ಮೊದಲ ಸಲ ಮಾರೋಕೆ ಅಂತ ತರಕಾರಿ ಬೆಳೆದ್ರು. ನೇಯ್ಗೆ ಬಂತು, ಸ್ವೆಟರ್ ಹೆಣೆಯೋ ಕೆಲಸ ಬಂತು. ಎಲ್ಲರ ಜಮೀನನ್ನೂ ಒಂದಾಗಿ ಸೇರ್ಸಿ ಒಟ್ಟಿಗೆ ಸಾಗುವಳಿ ಮಾಡೋಣ ಅನ್ನೋ ತನಕ ಮಕ್‌ಡಯರ್ ಹೋದ್ರು. ಇದು ಕಮ್ಯುನಿಸಂ ಅಂತ ಗೊಣಗಿದೋರು ಇದ್ರು, ಪಾದ್ರಿಗೆ ಯಾಕೆ ಬೇಕು ಈ ಉಸಾಬರಿ ಅಂದೋರೂ ಇದ್ರು. ಜಮೀನು ಒಂದಾಗ್ಲಿಲ್ಲ. ಒಂದು ತುಂಡು ಭೂಮಿಗಾಗಿ ಅಜ್ಜ ಮುತ್ತಜ್ಜ ಜಮೀನ್ದಾರನ ಜೊತೆ ಗುದ್ದಾಡಿದ್ದನ್ನ ಕೇಳ್ಕೊಂಡು ಬೆಳೆದವರು ಅದನ್ನ ಅಷ್ಟು ಸುಲಭಕ್ಕೆ ಬಿಟ್ಕೊಡ್ತಾರಾ. ತರಕಾರಿಯೂ ಕೈ ಹಿಡೀಲಿಲ್ಲ. ಮಳೆ ಜಾಸ್ತಿ, ಮಣ್ಣು ತೆಳು, ಮಾರ್ಕೆಟ್ ದೂರ. ಆ ಪ್ರಯತ್ನ ಆಮೇಲೆ ಮೀನಿನ ಸಂಸ್ಕರಣೆ ಕಡೆ ತಿರುಗ್ತು, ಅದು ಅಲ್ಲಿನ ಸಮುದ್ರಕ್ಕೆ ಒಗ್ಗೋ ಕೆಲಸ.

ಇಲ್ಲಿ ಒಂದು ನಿಮಿಷ ನಿಲ್ಲಿಸ್ತೀನಿ. ಮಕ್‌ಡಯರ್ ಕಥೆ ಹೇಳೋವಾಗ ಅವರನ್ನ ಪವಾಡಪುರುಷ ಮಾಡಿಬಿಡೋದು ಬಹಳ ಸುಲಭ, ಐರ್ಲೆಂಡಲ್ಲೂ ಹಾಗೆ ಮಾಡ್ತಾರೆ. ನನಗದು ಇಷ್ಟ ಆಗಲ್ಲ. ಅವರು ದೊಡ್ಡ ಮನುಷ್ಯ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಅವರೇ ಹೇಳಿದ್ದೆಲ್ಲ ಆಗ್ಲಿಲ್ಲ, ಆಗಿದ್ದೆಲ್ಲ ಅವರೊಬ್ಬರಿಂದ ಆಗ್ಲಿಲ್ಲ. ಕಲ್ಲು ಹೊತ್ತವರು, ಸ್ವೆಟರ್ ಹೆಣೆದ ಹೆಂಗಸರು, ಸಂಘದ ಶೇರಿಗೆ ಅಂತ ಸ್ಕಾಟ್ಲೆಂಡ್‌ನಲ್ಲಿ ದುಡಿದ ದುಡ್ಡು ಕೊಟ್ಟವರು, ಇವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

1967ರಲ್ಲಿ ಕಟ್ಟಿದ ಫೋಕ್ ವಿಲೇಜ್ ಮಾತ್ರ ಗಟ್ಟಿಯಾಗಿ ನಿಂತ್ಕೊಳ್ತು. ಕಡಲತೀರದ ಹತ್ತಿರ, ಗುಡ್ಡದ ಓರೆಯಲ್ಲಿ, ಊರವರೇ ಸೇರಿ ಹಳೇ ಕಾಲದ ಮೂರು ಮನೆ ಕಟ್ಟಿದ್ರು. 18ನೇ ಶತಮಾನದ ಮನೆ ಒಂದು, 19ನೇದು ಒಂದು, 20ನೇ ಶತಮಾನದ ಶುರುವಿನದು ಒಂದು. ಒಳಗಿನ ಸಾಮಾನೆಲ್ಲ ಊರವರು ಮನೆಮನೆಯಿಂದ ತಂದುಕೊಟ್ಟಿದ್ದು. ಆಮೇಲೆ ಹಳೇ ಶಾಲೆ ಕೋಣೆ, ಮೀನುಗಾರನ ಮನೆ ಎಲ್ಲ ಸೇರಿದ್ವು. ಒಂದು ಸಣ್ಣ ಅಂಗಡಿಯೂ ಇದೆ, ಅಲ್ಲಿ ಫ್ಯೂಷಿಯಾ ಹೂವಿನ ವೈನ್, ಸಮುದ್ರದ ಪಾಚಿಯ ವೈನ್ ಸಿಗುತ್ತೆ.

ಆ ಮನೆಗಳನ್ನ ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕಂದ್ರೆ ಅವಸರದಲ್ಲಿ ಫೋಟೋ ತೆಗೆದು ಬರೋರಿಗೆ ಇದ್ಯಾವುದೂ ಕಾಣಲ್ಲ. ಚಾವಣಿ ಹುಲ್ಲಿನದು. ಆದ್ರೆ ಬೇರೆ ಕಡೆ ಇರೋ ಥರ ಚೂಪು ಏಣು ಇರಲ್ಲ, ಮೇಲ್ಭಾಗ ದುಂಡಗಿರುತ್ತೆ, ಅಟ್ಲಾಂಟಿಕ್ ಗಾಳಿಗೆ ಹಿಡಿತ ಸಿಗಬಾರ್ದು ಅಂತ. ಹುಲ್ಲಿನ ಮೇಲೆ ಅಡ್ಡಡ್ಡ ಹಗ್ಗ ಎಳೆದಿರ್ತಾರೆ. ಗೋಡೆಯ ಮೇಲ್ಭಾಗದಲ್ಲಿ, ಸೂರಿನ ಕೆಳಗೆ, ಸಾಲಾಗಿ ಕಲ್ಲಿನ ಗೂಟ ಹೊರಗೆ ಚಾಚಿರುತ್ತೆ, ಹಗ್ಗದ ತುದಿಗಳನ್ನ ಅದಕ್ಕೆ ಬಿಗೀತಾರೆ. ಒಳಗೆ ಹೋದ್ರೆ ಒಲೆ ಪಕ್ಕದಲ್ಲೇ ಗೋಡೆಯನ್ನ ಸ್ವಲ್ಪ ಹೊರಕ್ಕೆ ತಳ್ಳಿ ಗೂಡಿನ ಥರ ಜಾಗ ಮಾಡಿ ಅಲ್ಲಿ ಮಂಚ ಹಾಕಿರ್ತಾರೆ, ಮುಂದೆ ಪರದೆ. ಅದು ಮನೆಯ ಅಜ್ಜ ಅಜ್ಜಿಗೆ. ಮನೇಲೆಲ್ಲ ಬೆಚ್ಚಗಿರೋ ಜಾಗ ಅದೇ, ರಾತ್ರಿ ಕಥೆ ಹಾಡು ನಡೆಯೋದೂ ಅದರ ಎದುರಿಗೇ. ಒಲೆಗೆ ಟರ್ಫ್, ಅಂದ್ರೆ ಬಾಗ್‌ನಿಂದ ಇಟ್ಟಿಗೆ ಇಟ್ಟಿಗೆಯಾಗಿ ಕತ್ತರಿಸಿ ಬೇಸಿಗೇಲಿ ಒಣಗಿಸಿದ ಮಣ್ಣು. ರಾತ್ರಿ ಮಲಗೋವಾಗ ಮನೆಯಾಕೆ ಕೆಂಡವನ್ನ ಬೂದಿಯಲ್ಲಿ ಮುಚ್ಚಿ ಒಂದು ಪ್ರಾರ್ಥನೆ ಹೇಳ್ತಿದ್ಲು, ಬೆಳಿಗ್ಗೆ ಬೂದಿ ಸರಿಸಿ ಊದಿದ್ರೆ ಬೆಂಕಿ. ವರ್ಷಗಟ್ಟಲೆ ಆರದ ಒಲೆಗಳಿದ್ವು.

ಫೋಕ್ ವಿಲೇಜ್ ಇವತ್ತಿಗೂ ಊರಿನ ಸಮುದಾಯದ ಕೈಯಲ್ಲೇ ಇದೆ. ಪಕ್ಕದಲ್ಲೇ ಹುಲ್ಲು ಚಾವಣಿಯ ಬಾಡಿಗೆ ಮನೆಗಳನ್ನೂ ಕಟ್ಟಿದ್ರು, ಅದೂ 1960ರ ದಶಕದ ಕೊನೇಲಿ, ದೇಶದಲ್ಲಿ ಹಳ್ಳಿ ಟೂರಿಸಂ ಅನ್ನೋ ಮಾತು ಇನ್ನೂ ಅಷ್ಟಾಗಿ ಇಲ್ಲದ ಕಾಲದಲ್ಲಿ. ಮಕ್‌ಡಯರ್ 1987ರಲ್ಲಿ ತೀರ್ಕೊಂಡ್ರು.

ಈಗ ಭಾಷೆ ವಿಷಯ. ಗ್ಲೆನ್‌ಕೊಲಂಬ್‌ಕಿಲ್ ಇರೋದು ಗೇಲ್ಟಖ್ಟ್‌ನಲ್ಲಿ, ಅಂದ್ರೆ ಐರಿಶ್ ಭಾಷೆ ಮನೆಮಾತಾಗಿ ಉಳಿದಿರೋ ಪ್ರದೇಶ ಅಂತ ಸರ್ಕಾರ ಗುರುತಿಸಿರೋ ಜಾಗ. ಸಂವಿಧಾನದಲ್ಲಿ ಐರಿಶ್‌ಗೆ ಮೊದಲ ಸ್ಥಾನ, ಬಸ್ ಬೋರ್ಡಲ್ಲಿ ಐರಿಶ್, ಆದ್ರೆ ಅಂಗಡಿಗೆ ಹೋದ್ರೆ ಇಂಗ್ಲಿಷ್, ಅದನ್ನ ನಾವು ದಿನಾ ನೋಡ್ತಿದ್ದೀವಿ. ಈ ಭಾಗದ ಕಥೆ ಹಾಡುಗಳನ್ನ ಕಾಪಾಡಿದವರಲ್ಲಿ ಒಬ್ಬರ ಹೆಸರು ಹೇಳ್ಲೇಬೇಕು, ಶಾನ್ ಓ ಹೊಖಿ. ಪಕ್ಕದ ಟೀಲಿನ್ ಊರಿನ ಮೀನುಗಾರ, 1913ರಲ್ಲಿ ಹುಟ್ಟಿದವರು. 1935ರಲ್ಲಿ ಐರಿಶ್ ಫೋಕ್‌ಲೋರ್ ಕಮಿಷನ್ ಶುರುವಾದಾಗ ಬಲೆ ಬಿಟ್ಟು ಕಥೆ ಸಂಗ್ರಹಕ್ಕೆ ಇಳಿದ್ರು. ಆಗಿನ ಸಂಗ್ರಹಕಾರರ ಹತ್ತಿರ ಎಡಿಫೋನ್ ಅಂತ ಭಾರದ ಒಂದು ಯಂತ್ರ ಇರ್ತಿತ್ತು, ಮೇಣದ ಸಿಲಿಂಡರ್ ಮೇಲೆ ಧ್ವನಿ ಕೊರೆಯೋದು. ಮುದುಕರ ಮನೆಗೆ ಅದನ್ನ ಹೊತ್ಕೊಂಡು ಹೋಗಿ, ಒಲೆ ಪಕ್ಕ ಇಟ್ಟು, ಕಥೆ ಹೇಳಿಸಿ, ವಾಪಸ್ ಬಂದು ಒಂದೊಂದು ಪದ ಬಿಡದೆ ಕೈಯಲ್ಲಿ ಬರೆದುಕೊಳ್ಳೋದು. ಬರೆದಾದ್ಮೇಲೆ ಮೇಣದ ಮೇಲ್ಪದರ ಹೆರೆದು ಅದೇ ಸಿಲಿಂಡರ್ ಇನ್ನೊಂದು ಮನೆಗೆ. ದುಡ್ಡಿರಲಿಲ್ಲ, ಹೊಸ ಸಿಲಿಂಡರ್ ಎಲ್ಲಿ ತರೋದು. ಹಾಗಾಗಿ ಎಷ್ಟೋ ಜನರ ಮಾತು ಕಾಗದದ ಮೇಲಿದೆ, ಅವರ ದನಿ ಇಲ್ಲ. ಇದನ್ನ ಮೊದಲ ಸಲ ಓದಿದಾಗ ನನಗೆ ಹೊಟ್ಟೆ ಸಂಕಟ ಆಯ್ತು.

ಅದೇ ಕಮಿಷನ್ 1937ರಿಂದ 1939ರ ತನಕ ಇನ್ನೊಂದು ಕೆಲಸ ಮಾಡ್ತು. ಪ್ರೈಮರಿ ಶಾಲೆಯ ದೊಡ್ಡ ಕ್ಲಾಸಿನ ಮಕ್ಕಳಿಗೆ, ಮನೆಗೆ ಹೋಗಿ ಅಜ್ಜ ಅಜ್ಜಿ ಹತ್ರ ಕೇಳ್ಕೊಂಡು ಬಂದು ಬರೀರಿ ಅಂತ ಹೇಳಿದ್ರು. ಊರಿನ ಬಾವಿ, ದೆವ್ವ, ಮನೆಮದ್ದು, ಆಟ, ಕ್ಷಾಮದ ನೆನಪು. ಐದು ಸಾವಿರದಷ್ಟು ಶಾಲೆ, ಐವತ್ತು ಸಾವಿರದಷ್ಟು ಮಕ್ಕಳು. ಆ ನೋಟ್‌ಬುಕ್ಕೆಲ್ಲ ಈಗ ಸ್ಕ್ಯಾನ್ ಆಗಿ ದೂಖಸ್ ಅನ್ನೋ ಸೈಟಲ್ಲಿ ಫ್ರೀಯಾಗಿ ಓದೋಕೆ ಸಿಗ್ತವೆ. ನೀವಿರೋ ಊರಿನ ಹೆಸರು ಹಾಕಿ ಹುಡುಕಿ ನೋಡಿ, ನಿಮ್ಮ ಮಕ್ಕಳು ಹೋಗೋ ಶಾಲೆಯಲ್ಲೇ ಆಗ ಯಾರೋ ಒಬ್ಬ ಹುಡುಗಿ ದುಂಡಗೆ ಬರೆದಿದ್ದು ಸಿಗಬಹುದು.

ಭಾಷೆ ವಿಷಯದಲ್ಲಿ ನಮಗೂ ಐರ್ಲೆಂಡಿಗೂ ಒಂದು ಹಳೇ ಸಂಬಂಧ ಇದೆ, ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರುತ್ತೆ. 1924ರಲ್ಲಿ ಮೈಸೂರಿನಲ್ಲಿ ಓದ್ತಿದ್ದ ಪುಟ್ಟಪ್ಪ ಅನ್ನೋ ಹುಡುಗ ತನ್ನ ಇಂಗ್ಲಿಷ್ ಪದ್ಯಗಳನ್ನ ತಗೊಂಡು ಹೋಗಿ ಒಬ್ಬ ಐರಿಶ್ ಕವಿಗೆ ತೋರಿಸಿದ್ರು, ನಿಮ್ಮ ಭಾಷೇಲಿ ಏನು ಬರೆದಿದ್ದೀರಿ ಅಂತ ಆ ಕವಿ ಕೇಳಿದ್ರು, ಅಲ್ಲಿಂದ ನಮಗೆ ಕುವೆಂಪು ಸಿಕ್ಕಿದ್ರು. ಆ ಕವಿ ಜೇಮ್ಸ್ ಕಸಿನ್ಸ್, ಬೆಲ್‌ಫಾಸ್ಟ್‌ನವರು, ಐರಿಶ್ ಸಾಹಿತ್ಯದ ಪುನರುಜ್ಜೀವನದ ಗುಂಪಿನಲ್ಲಿ ಇದ್ದವರು. ತಾಯಿಭಾಷೆ ಕೈ ಜಾರಿದ್ರೆ ಏನಾಗುತ್ತೆ ಅನ್ನೋದನ್ನ ತಮ್ಮ ದೇಶದಲ್ಲೇ ನೋಡಿ ಬಂದವರು ಆ ಪ್ರಶ್ನೆ ಕೇಳಿದ್ದು.

ಗ್ಲೆನ್‌ಕೊಲಂಬ್‌ಕಿಲ್‌ಗೆ ವಾಪಸ್. 1984ರಲ್ಲಿ ಅದೇ ಊರಿನ ಲಿಯಮ್ ಓ ಕುನಿಗಾನ್ ಮತ್ತು ವಿದ್ವಾಂಸರಾದ ಶೋಸಫ್ ವಾಟ್ಸನ್ ಸೇರಿ ಇಡ್ಯಸ್ ಗೇಲ್ ಅಂತ ಶುರು ಮಾಡಿದ್ರು, ದೊಡ್ಡವರಿಗೆ ಐರಿಶ್ ಕಲಿಸೋ ಶಾಲೆ. ಶಾಲೆ ಮಕ್ಕಳಿಗೆ ಬೇಸಿಗೆ ಐರಿಶ್ ಕಾಲೇಜ್ ಎಲ್ಲ ಕಡೆ ಇತ್ತು, ದೊಡ್ಡವರಿಗೆ ಅಂತ ಹೀಗೆ ಮಾಡಿದ್ದು ಕಮ್ಮಿ. ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಗುಡ್ಡ ಹತ್ತೋದು, ನೇಯ್ಗೆ, ಕುಣಿತ, ಕೊಳಲು, ಸಂಜೆ ಪಬ್‌ನಲ್ಲಿ ಹಾಡು. ಜಪಾನ್, ಜರ್ಮನಿ, ಅಮೆರಿಕ ಎಲ್ಲಿಂದೆಲ್ಲಿಂದನೋ ಬರ್ತಾರೆ. ಮೇರಿ ಮೆಕಲೀಸ್ ಅವರು ರಾಷ್ಟ್ರಪತಿ ಆಗಿದ್ದಾಗಲೇ ಇಲ್ಲಿಗೆ ಬಂದು ಐರಿಶ್ ಕಲಿತಿದ್ದಾರೆ. ಕಲಿಯೋಕೆ ಬಂದವರು ಊರಿನ ಮನೆಗಳಲ್ಲೇ ಉಳ್ಕೋತಾರೆ, ಊರಿನ ಅಂಗಡೀಲೇ ಸಾಮಾನು ತಗೋತಾರೆ, ಅಂದ್ರೆ ಭಾಷೆಯೇ ಊರಿಗೆ ಒಂದು ಆದಾಯ. ಒಂದು ಕಾಲದಲ್ಲಿ ಹೈರಿಂಗ್ ಫೇರ್‌ನಲ್ಲಿ ಮಕ್ಕಳು ಮಾತು ಬಾರದೆ ತಲೆ ತಗ್ಗಿಸಿ ನಿಂತಿದ್ದ ಅದೇ ಭಾಷೆಯನ್ನ ಕಲಿಯೋಕೆ ಇವತ್ತು ಜನ ದುಡ್ಡು ಕೊಟ್ಟು ಬರ್ತಾರೆ ಅನ್ನೋದು ನನಗೆ ಬಹಳ ದೊಡ್ಡ ವಿಷಯ.

ಸಂಗೀತದ ಬಗ್ಗೆ ಕೇಳಿದ್ರೆ ಗಂಟೆಗಟ್ಟಲೆ ಹೇಳ್ಬಹುದು, ಸ್ವಲ್ಪದರಲ್ಲಿ ಮುಗಿಸ್ತೀನಿ. ಡೊನೆಗಾಲ್‌ನ ಫಿಡಲ್ ಬಾರಿಸೋ ರೀತಿಯೇ ಬೇರೆ, ಒಂದೊಂದು ಸ್ವರಕ್ಕೂ ಕಮಾನು ಕಡಿದು ಕಡಿದು ಎಳೀತಾರೆ, ಸ್ಕಾಟ್ಲೆಂಡ್‌ಗೆ ಹೋಗಿ ಬಂದವರ ಜೊತೆ ಅಲ್ಲಿನ ಮಟ್ಟುಗಳೂ ಬಂದು ಸೇರ್ಕೊಂಡಿವೆ. ಮರದ ಫಿಡಲ್ ಕೊಳ್ಳೋಕೆ ಆಗದ ಮನೆಗಳಿಗೆ ಅಲೆಮಾರಿ ತಗಡು ಕೆಲಸದವರು ತಗಡಿನ ಫಿಡಲ್ ಮಾಡಿಕೊಡ್ತಿದ್ರು. ಈ ಊರಿನ ಮೀನ್ ನ ಕ್ರೋಶ ಕಡೆಯ ಜೇಮ್ಸ್ ಬರ್ನ್ ಅನ್ನೋರು 2008ರಲ್ಲಿ ತೀರಿಕೊಳ್ಳೋ ತನಕ ಆ ಹಳೇ ಮಟ್ಟುಗಳನ್ನ ಕೇಳಿದವರಿಗೆಲ್ಲ ಕಲಿಸ್ತಾ ಇದ್ರು.

ಇನ್ನು ಊರಿನ ದಿನನಿತ್ಯದ ಬದುಕು. ಯಾರಾದ್ರೂ ತೀರ್ಕೊಂಡ್ರೆ ಹೆಣ ಮನೇಲೇ ಇರುತ್ತೆ, ವೇಕ್ ಅಂತಾರೆ. ರಾತ್ರಿಯೆಲ್ಲ ಊರವರು ಬಂದು ಹೋಗ್ತಾ ಇರ್ತಾರೆ, ಒಬ್ಬರಲ್ಲ ಒಬ್ಬರು ಪಕ್ಕದಲ್ಲಿ ಕೂತಿರ್ತಾರೆ, ಸತ್ತವರನ್ನ ಒಂಟಿಯಾಗಿ ಬಿಡಲ್ಲ. ಪಕ್ಕದ ಮನೆಯವರು ಬಂದು ಅಡುಗೆಮನೆ ವಹಿಸ್ಕೊಂಡು ಟೀ, ಸ್ಯಾಂಡ್‌ವಿಚ್ ಮಾಡ್ತಾ ಇರ್ತಾರೆ, ಮನೆಯವರು ಒಲೆ ಹತ್ರ ಹೋಗೋ ಹಾಗೇ ಇಲ್ಲ. ಶೇಕ್‌ಹ್ಯಾಂಡ್ ಮಾಡಿ ಸಾರಿ ಫಾರ್ ಯುವರ್ ಟ್ರಬಲ್ ಅಂದ್ರೆ ಸಾಕು, ಬೇರೆ ಏನೂ ಹೇಳಬೇಕಿಲ್ಲ. ನಿಮ್ಮಲ್ಲಿ ಆಸ್ಪತ್ರೆ ಕೆಲಸ ಮಾಡೋರಿಗೆ, ಹಳ್ಳಿ ಕಡೆಯ ಸಹೋದ್ಯೋಗಿಗಳು ಯಾರಾದ್ರೂ ತೀರ್ಕೊಂಡಾಗ ಇಡೀ ವಾರ್ಡ್ ಹೊರಟು ನಿಲ್ಲೋದು ಯಾಕೆ ಅಂತ ಆಶ್ಚರ್ಯ ಆಗಿರಬಹುದು, ಕಾರಣ ಇದೇ. ಇನ್ನು ಫುಟ್ಬಾಲ್, ಅಂದ್ರೆ ಐರ್ಲೆಂಡಿನದೇ ಆದ ಗೇಲಿಕ್ ಫುಟ್ಬಾಲ್. ಊರಿನ ಕ್ಲಬ್ಬಿನ ಹೆಸರೇ ನೀವ್ ಕೊಲಂಬ, ನೀವ್ ಅಂದ್ರೆ ಐರಿಶ್‌ನಲ್ಲಿ ಸಂತ, ಮತ್ತೆ ಅದೇ ಸಂತ. ಆಟಗಾರರಿಗೆ ಸಂಬಳ ಇಲ್ಲ, ಅಣ್ಣ ಆಡಿದ ಅಂಗಿಯನ್ನ ತಮ್ಮ ಹಾಕ್ಕೊಳ್ತಾನೆ.

ಈಗ ಎಲ್ಲ ಚೆನ್ನಾಗಿದೆ ಅಂತ ಅಂದ್ಕೋಬೇಡಿ. ಮೊದಲು ಕೆಲಸ ಇಲ್ಲದೆ ಜನ ಹೋಗ್ತಿದ್ರು, ಈಗ ಮನೆ ಸಿಗದೆ ಹೋಗೋರಿದ್ದಾರೆ. ಡೊನೆಗಾಲ್‌ನ ಕರಾವಳಿ ಉದ್ದಕ್ಕೂ ಎಷ್ಟೋ ಮನೆಗಳು ಬೇಸಿಗೇಲಿ ಮಾತ್ರ ದೀಪ ಹಚ್ಚೋ ಹಾಲಿಡೇ ಮನೆಗಳು. ಊರಲ್ಲೇ ಹುಟ್ಟಿದ ಮಕ್ಕಳಿಗೆ ಕಟ್ಕೊಳ್ಳೋಕೆ ಪರ್ಮಿಷನ್, ಸೈಟು ಎರಡೂ ಕಷ್ಟ. ಇಂಗ್ಲಿಷ್ ಬಿಟ್ಟು ಐರಿಶ್‌ನಲ್ಲಿ ಮಕ್ಕಳನ್ನ ಬೆಳೆಸೋ ಮನೆಗಳೂ ಕಮ್ಮಿ ಆಗ್ತಿವೆ. ಬಂದು ಕಲಿಯೋರು ಹೆಚ್ಚಾಗಿ, ಹುಟ್ಟಿನಿಂದ ಮಾತಾಡೋರು ಕಮ್ಮಿ ಆಗೋದು ಒಳ್ಳೇ ಲಕ್ಷಣ ಅಲ್ಲ. ಇನ್ನೊಂದು ಕಡೆ, ಗೇಲ್ಟಖ್ಟ್ ಊರುಗಳಲ್ಲಿ ರಿಮೋಟ್ ಕೆಲಸಕ್ಕೆ ಅಂತ ಹಬ್‌ಗಳನ್ನ ಮಾಡಿದ್ದಾರೆ, ಇಂಟರ್ನೆಟ್ ಚೆನ್ನಾಗಿದೆ, ಡಬ್ಲಿನ್ ಬಾಡಿಗೆ ಕೊಡೋಕಾಗದೆ ವಾಪಸ್ ಊರಿಗೆ ಹೋದವರೂ ಇದ್ದಾರೆ. ಪಕ್ಕದ ಕಿಲ್‌ಕಾರ್‌ನಲ್ಲಿ ಇವತ್ತಿಗೂ ನೂಲು ತೆಗೀತಾರೆ, ಕೈಮಗ್ಗದಲ್ಲಿ ಟ್ವೀಡ್ ಅನ್ನೋ ಉಣ್ಣೆ ಬಟ್ಟೆ ನೇಯ್ತಾರೆ.

ಕೊನೆಗೆ ಇಬ್ಬರು ಮೂವರು ಒಂದೇ ಪ್ರಶ್ನೆ ಕೇಳಿದ್ರು, ಹೋಗೋದು ಹೇಗೆ, ಯಾವಾಗ ಅಂತ. ಕಾರಿದ್ರೆ ಸುಲಭ, ಇಲ್ಲಾಂದ್ರೆ ಡೊನೆಗಾಲ್ ಟೌನ್ ತನಕ ಬಸ್ಸು, ಅಲ್ಲಿಂದ ಕಿಲ್ಲಿಬೆಗ್ಸ್ ಮೇಲೆ ಇನ್ನೊಂದು ಬಸ್ಸು, ಟೈಮಿಂಗ್ ಮೊದಲೇ ನೋಡ್ಕೊಳ್ಳಿ. ಒಂದೇ ದಿನದಲ್ಲಿ ಹೋಗಿ ಬರೋ ಪ್ಲ್ಯಾನ್ ಹಾಕ್ಬೇಡಿ, ಎರಡು ರಾತ್ರಿಯಾದ್ರೂ ಇರಿ. 601 ಮೀಟರ್ ಎತ್ತರದ ಸ್ಲೀವ್ ಲೀಗ್ ಕಡಲಬಂಡೆ ದಾರೀಲೇ ಸಿಗುತ್ತೆ, ಎಲ್ಲರೂ ಅದನ್ನ ನೋಡಿ ಅಲ್ಲಿಂದಲೇ ವಾಪಸ್ ತಿರುಗ್ತಾರೆ, ನೀವು ಹಾಗೆ ಮಾಡ್ದೆ ಮುಂದಕ್ಕೆ ಹೋಗಿ. ಫೋಕ್ ವಿಲೇಜ್ ಚಳಿಗಾಲದಲ್ಲಿ ಮುಚ್ಚಿರುತ್ತೆ. ಜೂನ್ 9ಕ್ಕೆ ಹೋದ್ರೆ ಟುರಸ್ ನಡೆಯೋರ ಹಿಂದೆ ನೀವೂ ನಡೀಬಹುದು, ಆದ್ರೆ ಅದು ಅವರ ಪೂಜೆ, ಫೋನು ಜೇಬಲ್ಲೇ ಇರಲಿ. ದಾರಿ ಕೆಲವು ಕಡೆ ಖಾಸಗಿ ಜಮೀನಿನ ಮೇಲೆ ಹೋಗುತ್ತೆ, ಕೆಲವು ನಿಲ್ದಾಣಗಳಿಗೆ ಆ ಒಂದು ದಿನ ಬಿಟ್ರೆ ಮನೆಯವರನ್ನ ಕೇಳಿಯೇ ಹೋಗ್ಬೇಕಾಗಬಹುದು. ಗೇಟ್ ತೆಗೆದ್ರೆ ಹಿಂದಿನಿಂದ ಮುಚ್ಚಿ, ಕುರಿಗಳಿವೆ.